ಅರ್ಧ ಫೀ ಮಾಫಿ, ಅನುಬಂಧ ‘ಸಿ’

ಹೋದ ಭಾನುವಾರ ಹರಿಹರದಿಂದ ಗೆಳತಿ ಬಂದಿದ್ದಳು. ನಾವಿಬ್ಬರೂ ದಾವಣಗೆರೆಯ ಒಂದೇ ಶಾಲೆಯಲ್ಲಿ ಒಂಬತ್ತು ವರ್ಷ ಪಾಠ ಮಾಡಿದವರು. ನನಗಿಂತ ಚಿಕ್ಕವಳು. ಕೈಯಲ್ಲಿ ಬಣ್ಣಬಣ್ಣದ ಬ್ರೋಷರ್ ಇತ್ತು.

"ಅಕ್ಕಾ, ನಾನೂ ಪ್ಲೇಸ್ಕೂಲ್ ಫ್ರಾಂಚೈಸಿ ತಗೋತಿದ್ದೀನಿ. ಮಹಿಳಾ ದಿನದ ಆಫರ್ ಅಂತೆ, ಹೆಣ್ಣುಮಕ್ಕಳಿಗೆ ಅರ್ಧ ಫೀ ಮಾಫಿ. ಮಾರ್ಚ್ 31ರ ಒಳಗೆ ಟೋಕನ್ ಕೊಡಬೇಕು."

ಫ್ರಾಂಚೈಸಿ ಅಂದರೆ ಕಂಪನಿಗೆ ಫೀ ಕಟ್ಟಿ, ಅವರ ಹೆಸರು, ಅವರ ಪಠ್ಯ ಬಳಸಿ ನಾವೇ ಕೇಂದ್ರ ನಡೆಸುವುದು. ಟೋಕನ್ ಅಂದರೆ ಅದಕ್ಕೆ ಮುಂಗಡ. ಅವಳ ಖುಷಿ ನೋಡಿ ತಕ್ಷಣ ಏನೂ ಹೇಳೋಕೆ ಮನಸ್ಸಾಗಲಿಲ್ಲ. ಕಾಫಿ ಕುಡಿದ ಮೇಲೆ ಕೇಳಿದೆ, "ಅಗ್ರಿಮೆಂಟಿನ ಕರಡು ಕೊಟ್ಟಿದ್ದಾರಾ?" ಇಲ್ಲ. ಟೋಕನ್ ಕೊಟ್ಟ ಮೇಲೆ ಕೊಡ್ತಾರಂತೆ.

ನನಗೂ ಹೀಗೇ ಹೇಳಿದ್ದರು. ಅವಳಿಗೆ ಅವತ್ತು ಸಂಜೆ ತನಕ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಬ್ರೋಷರ್ ಕೈಯಲ್ಲಿ ಹಿಡಿದುಕೊಂಡು ಲೆಕ್ಕ ಹಾಕುತ್ತಿರುವವರು ಇನ್ನೂ ಎಷ್ಟೋ ಜನ ಇರುತ್ತಾರೆ. ಕಂಪನಿಯ ಹೆಸರು ಹೇಳುವುದಿಲ್ಲ. ವ್ಯವಹಾರ ಮುಗಿದಿದೆ, ಅವರ ಪಾಡಿಗೆ ಅವರಿದ್ದಾರೆ.

ಕೋವಿಡ್‌ನ ಎರಡು ವರ್ಷ ನಮ್ಮ ಶಾಲೆ ಅರ್ಧ ಸಂಬಳ ಕೊಟ್ಟಿತು. ಆಗಲೇ ನನ್ನದೇ ಒಂದು ಪುಟ್ಟ ಶಾಲೆ ಮಾಡಬೇಕು ಅನ್ನಿಸಿದ್ದು. ವಿದ್ಯಾನಗರದಲ್ಲಿ ಒಂದು ಮನೆಯ ಕೆಳಮಹಡಿ ಬಾಡಿಗೆಗೆ ಸಿಕ್ಕಿತು. ಮುಂದೆ ಚಿಕ್ಕ ಅಂಗಳ, ಒಂದು ಹೊಂಗೆ ಮರ. ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ ‘ಕಿಶೋರ್’ ವರ್ಗದ ಸಾಲ 4 ಲಕ್ಷ ಮಂಜೂರಾಯಿತು. ಹೊಸ ಹೆಸರಿಟ್ಟರೆ ತಂದೆತಾಯಿ ನಂಬುತ್ತಾರೋ ಇಲ್ಲವೋ ಅನ್ನೋ ಭಯ ಇತ್ತು. ಹಾಗಾಗಿ ಹೆಸರಿರುವ ಕಂಪನಿಯ ಫ್ರಾಂಚೈಸಿ ಅಂತ ತೀರ್ಮಾನ ಮಾಡಿದೆವು. ಫ್ರಾಂಚೈಸಿ ಫೀ 3 ಲಕ್ಷ. ‘ಮಹಿಳಾ ಉದ್ಯಮಿ ಪ್ರೋತ್ಸಾಹ’ ಅಂತ ಅರ್ಧ ಬಿಟ್ಟರು. 2022ರ ಫೆಬ್ರವರಿ 10ಕ್ಕೆ ಸಹಿ ಹಾಕಿದೆ. 26 ಪುಟದ ಅಗ್ರಿಮೆಂಟು, ಕೊನೆಯಲ್ಲಿ ಮೂರು ಅನುಬಂಧ. ಮಾಫಿಯ ವಿಷಯ ಇದ್ದದ್ದು ಅನುಬಂಧ ‘ಸಿ’ಯಲ್ಲಿ. ಒಂದೂವರೆ ಪುಟ ಅಷ್ಟೇ. ಅದನ್ನು ಆವತ್ತು ನಾನು ಓದಿದ್ದೆ, ಓದಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಅದರಲ್ಲಿದ್ದ ಪದಗಳ ಅರ್ಥ ನಾಲ್ಕನೇ ಪುಟದಲ್ಲಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಲಿಲ್ಲ.

ಷರತ್ತುಗಳು ಹೀಗಿದ್ದವು. ಸಹಿ ಹಾಕಿದ ದಿನದಿಂದ 120 ದಿನದೊಳಗೆ ಕೇಂದ್ರ ಶುರುವಾಗಬೇಕು. ಮಕ್ಕಳ ಫೀಸಿನಲ್ಲಿ ಶೇ. 12 ರಾಯಲ್ಟಿ, ಅಂದರೆ ಹೆಸರು ಬಳಸುವುದಕ್ಕೆ ಕಂಪನಿಗೆ ಕೊಡುವ ಪಾಲು, ಪ್ರತಿ ತಿಂಗಳು 7ನೇ ತಾರೀಕಿನೊಳಗೆ ಕಟ್ಟಬೇಕು. ವರ್ಷದಲ್ಲಿ ಎರಡು ಸಲ ತಡವಾದರೆ ‘ಡಿಫಾಲ್ಟ್’, ಅಂದರೆ ಷರತ್ತು ತಪ್ಪಿದ ಹಾಗೆ. ಮೊದಲ ವರ್ಷ ಕಡಿಮೆ ಅಂದರೂ 40 ಕಲಿಕಾ ಕಿಟ್ ಕೊಳ್ಳಬೇಕು. ಮೇಜು ಕುರ್ಚಿ, ಆಟದ ಸಾಮಾನು ಎಲ್ಲಾ ಕಂಪನಿ ತೋರಿಸಿದ ವೆಂಡರ್ ಹತ್ತಿರವೇ. 36 ತಿಂಗಳು ಮುಗಿಯುವ ಮೊದಲು ಬಿಟ್ಟು ಹೋಗುವಂತಿಲ್ಲ. ಇದರಲ್ಲಿ ಯಾವುದೇ ಒಂದು ತಪ್ಪಿದರೂ ಮಾಫಿ ರದ್ದು. ಬಿಟ್ಟ ಹಣ ಪೂರ್ತಿ, ಸಹಿ ಹಾಕಿದ ದಿನದಿಂದ ವರ್ಷಕ್ಕೆ ಶೇ. 18 ಬಡ್ಡಿ ಸೇರಿಸಿ ವಾಪಸ್ ಕಟ್ಟಬೇಕು.

ಓದಿದಾಗ ನನಗೆ ಇದರಲ್ಲಿ ಕಷ್ಟದ್ದು ಅನ್ನಿಸಿದ್ದು ಕಿಟ್ ಒಂದೇ. 120 ದಿನ ಅಂದರೆ ಜೂನ್ 10. ಕಟ್ಟಡ ಕೈಯಲ್ಲಿದೆ, ಏಪ್ರಿಲ್‌ಗೆ ಪೇಂಟ್ ಮುಗಿಯುತ್ತದೆ, ಮೇ ತಿಂಗಳಲ್ಲೇ ಅಡ್ಮಿಷನ್ ಶುರು ಮಾಡಬಹುದು ಅಂದುಕೊಂಡೆ.

ಏಪ್ರಿಲ್ 5ಕ್ಕೆ ವೆಂಡರ್‌ಗೆ ಪೂರ್ತಿ ಹಣ ಕಟ್ಟಿದೆ. ಮೇ 15ಕ್ಕೆ ಸಾಮಾನು ಬರಬೇಕಿತ್ತು. ಬರಲಿಲ್ಲ. ಮೇ ಕೊನೆಗೂ ಬರಲಿಲ್ಲ. ಏರಿಯಾ ಮ್ಯಾನೇಜರ್‌ಗೆ ಫೋನ್ ಮಾಡಿದರೆ, "ಮೇಡಂ, ಎಲ್ಲಾ ಊರಿನಲ್ಲೂ ಒಟ್ಟಿಗೆ ಓಪನಿಂಗ್ ಇದೆ, ನಾಲ್ಕು ದಿನ ಹೆಚ್ಚುಕಮ್ಮಿ ಆದ್ರೆ ಏನೂ ಆಗಲ್ಲ" ಅಂದರು. ಜೂನ್ 2 ಮತ್ತು ಜೂನ್ 6ಕ್ಕೆ ನಾನು ಇಮೇಲ್ ಕೂಡ ಕಳಿಸಿದೆ. ಆ ಎರಡು ಇಮೇಲ್ ಮುಂದೆ ನನ್ನನ್ನು ಕಾಪಾಡಿದವು.

ಜೂನ್ 9, ಗುರುವಾರ. ಗಡುವಿಗೆ ಒಂದು ದಿನ ಮುಂಚೆ ಶಾಲೆ ಶುರು ಮಾಡಿಯೇ ಬಿಟ್ಟೆ. ಬೆಳಿಗ್ಗೆ ಗಣಪತಿ ಪೂಜೆ, ಬಾಗಿಲಿಗೆ ಮಾವಿನ ತೋರಣ, ಬಂದವರಿಗೆಲ್ಲ ಕೋಸಂಬರಿ, ಪಾನಕ. ಮೊದಲ ದಿನ ಹನ್ನೊಂದು ಮಕ್ಕಳು. ಕುರ್ಚಿ ಇಲ್ಲ, ಮೇಜಿಲ್ಲ. ಮನೆ ಓನರ್ ಅಂಕಲ್ ತಮ್ಮ ಮನೆಯ ದೊಡ್ಡ ಜಮಖಾನೆ ತಂದು ಹಾಸಿಕೊಟ್ಟರು. ಎರಡೂವರೆ ವರ್ಷದ ಒಂದು ಹುಡುಗಿ ನನ್ನ ಸೆರಗು ಹಿಡಿದುಕೊಂಡು ಹನ್ನೊಂದು ಗಂಟೆ ತನಕ ಅತ್ತಳು. ಆಮೇಲೆ ಹೊಂಗೆ ಮರದ ಕೆಳಗೆ ಇರುವೆ ಸಾಲು ತೋರಿಸಿದೆ, ಸುಮ್ಮನಾದಳು. ಆ ದಿನ ನನ್ನ ಮಟ್ಟಿಗೆ ನನ್ನ ಶಾಲೆ ಶುರುವಾಗಿತ್ತು.

ಅಗ್ರಿಮೆಂಟಿನ ಪ್ರಕಾರ ಆಗಿರಲಿಲ್ಲ. ನಾಲ್ಕನೇ ಪುಟದಲ್ಲಿ ‘ಆರಂಭದ ದಿನ’ ಅಂದರೆ ಏನು ಅಂತ ಬರೆದಿತ್ತು: ಕಂಪನಿಯವರು ಬಂದು ಪರಿಶೀಲನೆ ಮಾಡಿ, ಪ್ರಮಾಣಪತ್ರ ಕೊಟ್ಟ ದಿನ. ಮಕ್ಕಳು ಬಂದ ದಿನ ಅಲ್ಲ. ಪರಿಶೀಲನೆಗೆ ಬರಬೇಕಾದರೆ ಅವರದೇ ವೆಂಡರ್‌ನ ಸಾಮಾನು ಬಂದು ಜೋಡಿಸಿರಬೇಕು. ಅದು ಬಂದಿದ್ದು ಜೂನ್ 18ಕ್ಕೆ. ಏರಿಯಾ ಮ್ಯಾನೇಜರ್ ಬಂದಿದ್ದು ಜೂನ್ 27, ಸೋಮವಾರ. ಕುರ್ಚಿ ಎಣಿಸಿದರು, ಬೆಂಕಿ ಆರಿಸುವ ಸಿಲಿಂಡರ್ ನೋಡಿದರು, ಸಿಸಿ ಕ್ಯಾಮೆರಾ ನೋಡಿದರು, ಸಹಿ ಹಾಕಿ, ಮಿರ್ಚಿ ಮಂಡಕ್ಕಿ ತಿಂದು ಹೋದರು. ಹದಿನೇಳು ದಿನ ತಡ. ಯಾರೂ ಏನೂ ಹೇಳಲಿಲ್ಲ.

ಆ ವರ್ಷ ಒಟ್ಟು 31 ಮಕ್ಕಳು ಸೇರಿದರು. ಹೊಸ ಜಾಗಕ್ಕೆ ಅದು ಒಳ್ಳೆಯ ಸಂಖ್ಯೆ ಅಂತ ಈಗಲೂ ಹೇಳುತ್ತೇನೆ. ಆದರೆ ಷರತ್ತು ಇದ್ದದ್ದು 40 ಕಿಟ್. ಮಾಫಿ ಉಳಿಸಿಕೊಳ್ಳಬೇಕಲ್ವಾ? ಮಕ್ಕಳಿಲ್ಲದ ಒಂಬತ್ತು ಕಿಟ್ ಕೊಂಡೆ. ಒಂದಕ್ಕೆ 4,500 ರೂಪಾಯಿ, ಒಟ್ಟು 40,500. ಮುಂದಿನ ವರ್ಷ ಕೊಡಬಹುದು ಅಂದುಕೊಂಡಿದ್ದೆ. ಮುಂದಿನ ವರ್ಷ ಪಠ್ಯ ಬದಲಾಯಿತು, ಹೊಸ ಕಿಟ್ ಬಂತು. ಆ ಒಂಬತ್ತು ಡಬ್ಬಿ ಇವತ್ತಿಗೂ ನಮ್ಮ ಮನೆ ಅಟ್ಟದ ಮೇಲಿವೆ. ಒಳಗಿನ ಬಣ್ಣದ ಮಣ್ಣು ಕಲ್ಲಾಗಿದೆ. ರಾಯಲ್ಟಿ ಮಾತ್ರ ಒಂದು ತಿಂಗಳೂ ತಡ ಮಾಡಲಿಲ್ಲ. 5ನೇ ತಾರೀಕಿಗೇ ಕಟ್ಟುತ್ತಿದ್ದೆ.

2023ರ ಏಪ್ರಿಲ್‌ನಲ್ಲಿ ಪತ್ರ ಬಂತು. ಆ ಹೊತ್ತಿಗೆ ಕಂಪನಿಯಲ್ಲಿ ಏರಿಯಾ ಮ್ಯಾನೇಜರ್ ಬದಲಾಗಿದ್ದರು. ಲೆಕ್ಕಪತ್ರ ವಿಭಾಗದವರು ಎಲ್ಲಾ ಕೇಂದ್ರಗಳ ಕಡತ ತೆಗೆದು ನೋಡಿದ್ದರಂತೆ. ‘ಆರಂಭದ ಗಡುವು ಮೀರಿರುವುದರಿಂದ ಪ್ರೋತ್ಸಾಹ ಹಿಂಪಡೆಯಲಾಗಿದೆ.’ ಜೊತೆಗೆ ಡೆಬಿಟ್ ನೋಟ್, ಅಂದರೆ ಇಷ್ಟು ಕಟ್ಟಿ ಅನ್ನುವ ಚೀಟಿ: 1,50,000 ಅಸಲು. ಅದರ ಮೇಲೆ ಶೇ. 18 ಜಿಎಸ್‌ಟಿ, 27,000. ಹದಿನಾಲ್ಕು ತಿಂಗಳ ಬಡ್ಡಿ, 31,500. ಒಟ್ಟು 2,08,500.

ಮಧ್ಯಾಹ್ನ ಮಕ್ಕಳನ್ನು ಕಳಿಸಿ ಬಾಗಿಲು ಹಾಕಿಕೊಂಡು ಆ ಪತ್ರ ಓದಿದೆ. ಚಿಕ್ಕ ಕುರ್ಚಿಯ ಮೇಲೇ ಕೂತಿದ್ದೆ. ತಡವಾಗಿ ಬಂದಿತ್ತಲ್ಲ, ಅದೇ ಕುರ್ಚಿ.

ಜಿಎಸ್‌ಟಿ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಪ್ಲೇಸ್ಕೂಲ್ ಮಾಡುವವರಿಗೆ ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಫ್ರಾಂಚೈಸಿ ಫೀ ಮೇಲೆ, ರಾಯಲ್ಟಿ ಮೇಲೆ ಶೇ. 18 ತೆರಿಗೆ ಇದೆ. ಬಟ್ಟೆ ಅಂಗಡಿಯವರಾದರೆ ಗಿರಾಕಿಯಿಂದ ತಾವು ವಸೂಲಿ ಮಾಡುವ ತೆರಿಗೆಯಲ್ಲಿ ಇದನ್ನು ಕಳೆದುಕೊಳ್ಳಲು ಅವಕಾಶ ಇರುತ್ತದೆ. ನಮಗೆ ಆ ದಾರಿ ಇಲ್ಲ. ಶಾಲಾಪೂರ್ವ ಶಿಕ್ಷಣಕ್ಕೆ ಜಿಎಸ್‌ಟಿ ವಿನಾಯಿತಿ ಇದೆ, ಮಕ್ಕಳ ಫೀಸಿಗೆ ನಾವು ತೆರಿಗೆ ಹಾಕುವುದಿಲ್ಲ. ಹಾಗಾಗಿ ನಾವು ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುವುದಿಲ್ಲ. ಅಂದರೆ 3 ಲಕ್ಷದ ಫೀ ನಮಗೆ ನಿಜವಾಗಿ 3,54,000. ಮಾಫಿ ಸಿಕ್ಕಾಗ ಉಳಿದದ್ದು 1,77,000. ಮಾಫಿ ಹೋದಾಗ ಹೋಗುವುದೂ ಅಷ್ಟೇ, ಜೊತೆಗೆ ಬಡ್ಡಿ.

ನಮ್ಮ ಮನೆಯವರ ಜೊತೆ ಓದಿದ ವಕೀಲರೊಬ್ಬರಿದ್ದಾರೆ. ಅವರ ಹತ್ತಿರ ಹೋದೆವು. ಅವರು ಪೆನ್ಸಿಲ್ ಹಿಡಿದು ಮೊದಲು ಓದಿದ್ದು ನಾಲ್ಕನೇ ಪುಟ. ಆಮೇಲೆ ಅನುಬಂಧ. ಆಮೇಲೆ ನನ್ನ ಇಮೇಲ್.

"ಸರ್, ಇದು ದಂಡ ಅಲ್ವಾ? ಹದಿನೇಳು ದಿನಕ್ಕೆ ಎರಡು ಲಕ್ಷ ದಂಡ ಹಾಕಬಹುದಾ?" ಅಂತ ಕೇಳಿದೆ.

ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರು ಮುರಿದರೆ ಇಷ್ಟು ಕೊಡಬೇಕು ಅಂತ ಬರೆದುಕೊಂಡಿದ್ದರೂ ಅಷ್ಟೂ ಸಿಗಬೇಕೆಂದಿಲ್ಲ. ಆ ಮೊತ್ತ ಮೇಲ್ಮಿತಿ, ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ. ಆದರೆ ಕಂಪನಿಯವರು ಬೇರೆ ಮಾತು ಹೇಳುತ್ತಾರೆ. ‘ನಾವು ದಂಡ ಹಾಕುತ್ತಿಲ್ಲ. ಫೀ ಮೊದಲಿನಿಂದಲೂ 3 ಲಕ್ಷವೇ. ಷರತ್ತು ಪಾಲಿಸಿದರೆ ಅರ್ಧ ಬಿಡುತ್ತೇವೆ ಅಂದಿದ್ದೆವು. ಪಾಲಿಸಲಿಲ್ಲ, ರಿಯಾಯಿತಿ ಹೋಯಿತು.’ ಈ ವಾದವನ್ನು ತಳ್ಳಿಹಾಕುವುದು ಸುಲಭ ಅಲ್ಲ ಅಂದರು. ದಂಡ ಹೇರುವುದು ಬೇರೆ, ಕೊಟ್ಟ ರಿಯಾಯಿತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಬೇರೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಚನ್ನಗಿರಿ ಹತ್ತಿರ ನಮ್ಮದು ಅಡಿಕೆ ತೋಟ. ಅಪ್ಪನಿಗೆ ಫ್ರಾಂಚೈಸಿ ಅಂದರೆ ಗೊತ್ತಿಲ್ಲ. ಆದರೆ ಎರಡೇ ನಿಮಿಷದಲ್ಲಿ ಅರ್ಥ ಮಾಡಿಕೊಂಡರು. "ಸೊಸೈಟಿ ಸಾಲದ ಥರ ಕಣಮ್ಮಾ. ಗಡುವಿನೊಳಗೆ ಕಟ್ಟಿದ್ರೆ ಬಡ್ಡಿ ಇಲ್ಲ. ಒಂದು ದಿನ ತಪ್ಪಿದ್ರೂ ಬಡ್ಡಿ ಬೀಳುತ್ತೆ." ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆ ಸಾಲ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಪ್ಪ ಯಾರಿಂದಲಾದರೂ ಕೈಗಡ ತಂದಾದರೂ ಗಡುವಿನ ಮುಂಚೆ ಕಟ್ಟಿ ಬರುತ್ತಾರೆ.

ಫೋನ್ ಇಟ್ಟ ಮೇಲೆ ಅದನ್ನೇ ಯೋಚನೆ ಮಾಡಿದೆ. ಅಪ್ಪನ ಗಡುವಿಗೂ ನನ್ನ ಗಡುವಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಪ್ಪ ಹಣ ಹೊಂದಿಸಿಕೊಂಡು ಸೊಸೈಟಿಗೆ ಹೋದರೆ ಅಲ್ಲಿಗೆ ಮುಗಿಯಿತು, ರಸೀದಿ ಕೈಗೆ ಬರುತ್ತದೆ. ನನ್ನ ಗಡುವು ಮುಟ್ಟಬೇಕಾದರೆ ವೆಂಡರ್ ಸಾಮಾನು ಕಳಿಸಬೇಕು, ಮ್ಯಾನೇಜರ್ ಬಂದು ಸಹಿ ಹಾಕಬೇಕು. ನಾನು ಏನು ಮಾಡಿದರೂ ಆ ಎರಡು ನನ್ನ ಕೈಯಲ್ಲಿಲ್ಲ. ರಾಯಲ್ಟಿಯ 7ನೇ ತಾರೀಕು ನನ್ನ ಕೈಯಲ್ಲಿತ್ತು, ಒಂದು ಸಲವೂ ತಪ್ಪಲಿಲ್ಲ. ಷರತ್ತು ಇರುವುದರ ಬಗ್ಗೆ ನನಗೆ ಬೇಜಾರಿಲ್ಲ. ಒಂದೂವರೆ ಲಕ್ಷ ಬಿಡುವವರು ಏನಾದರೂ ಕೇಳಿಯೇ ಕೇಳುತ್ತಾರೆ. ಆದರೆ ನಾನು ಪಾಲಿಸಬೇಕಾದ ಷರತ್ತಿನ ಕೀಲಿಕೈ ಅವರ ಜೇಬಿನಲ್ಲಿ ಇರಬಾರದು. ಗೆಳತಿಗೆ ನಾನು ಮತ್ತೆ ಮತ್ತೆ ಹೇಳಿದ್ದು ಇದೊಂದನ್ನೇ.

ವಕೀಲರು ಹಿಡಿದ ದಾರಿಯೂ ಅದೇ. ದಂಡ ಹೌದೋ ಅಲ್ಲವೋ ಅನ್ನುವುದನ್ನು ಎರಡನೇ ಸಾಲಿಗೆ ಇಟ್ಟರು. ಮೊದಲ ಸಾಲಿನಲ್ಲಿ, ತಡ ಆದದ್ದು ನಿಮ್ಮದೇ ವೆಂಡರ್‌ನಿಂದ, ನಿಮ್ಮದೇ ಅಧಿಕಾರಿಯಿಂದ, ಇದಕ್ಕೆ ಜೂನ್ 2 ಮತ್ತು 6ರ ಇಮೇಲ್ ಸಾಕ್ಷಿ ಅಂತ ಬರೆದರು. ಆಮೇಲೆ, ಗಡುವು ಮೀರಿದ್ದು ಗೊತ್ತಿದ್ದೂ ಹತ್ತು ತಿಂಗಳು ಒಂದು ಮಾತೂ ಎತ್ತದೆ ರಾಯಲ್ಟಿ ತೆಗೆದುಕೊಂಡಿದ್ದೀರಿ ಅಂದರು. ‘ನಾಲ್ಕು ದಿನ ಹೆಚ್ಚುಕಮ್ಮಿ’ ಮಾತನ್ನು ಬಳಸಲು ಆಗಲಿಲ್ಲ. ಅದು ಬರೀ ಫೋನಿನಲ್ಲಿ ಆಡಿದ ಮಾತು. ಅಗ್ರಿಮೆಂಟಿನಲ್ಲಿ, ಇದರಲ್ಲಿ ಬರೆದಿರುವುದು ಬಿಟ್ಟು ಬೇರೆ ಯಾವ ಮಾತಿಗೂ ಬೆಲೆ ಇಲ್ಲ ಅನ್ನುವ ಕಲಂ ಇತ್ತು. ಆ ಮ್ಯಾನೇಜರ್ ಕೆಟ್ಟವರಲ್ಲ. ನನಗೆ ಧೈರ್ಯ ಹೇಳಬೇಕು ಅಂತಲೇ ಹೇಳಿದ್ದರು. ಆದರೆ ಅವರು ಕೆಲಸ ಬಿಟ್ಟ ದಿನವೇ ಆ ಮಾತೂ ಅವರ ಜೊತೆ ಹೋಯಿತು.

ಕೋರ್ಟಿಗೆ ಯಾಕೆ ಹೋಗಲಿಲ್ಲ ಅಂತ ತುಂಬಾ ಜನ ಕೇಳಿದ್ದಾರೆ. ಅಗ್ರಿಮೆಂಟಿನಲ್ಲಿ ತಕರಾರು ಬಂದರೆ ಮಧ್ಯಸ್ಥಿಕೆ, ಅಂದರೆ ಕೋರ್ಟಿನ ಬದಲು ಮಧ್ಯಸ್ಥಗಾರರ ತೀರ್ಪು, ಅದೂ ಕಂಪನಿಯ ಊರಿನಲ್ಲಿ ಅಂತ ಇತ್ತು. ಹೋಗಿ ಬರುವ ಖರ್ಚು, ಶಾಲೆ ಮುಚ್ಚಿ ಹೋಗುವ ದಿನಗಳು, ಎಲ್ಲಾ ಕೂಡಿಸಿದರೆ ಗೆದ್ದರೂ ನಷ್ಟವೇ. ಮೂರು ತಿಂಗಳು ಪತ್ರ ಓಡಾಡಿದ ಮೇಲೆ ಬಡ್ಡಿ ಬಿಟ್ಟರು, ಅಸಲಿನಲ್ಲಿ ಅರ್ಧಕ್ಕೆ ಒಪ್ಪಿದರು. 75,000, ತೆರಿಗೆ 13,500, ಒಟ್ಟು 88,500. ಮೂರು ಕಂತಿನಲ್ಲಿ 29,500ರಂತೆ ಕಟ್ಟಿದೆ.

ಇದೇ ಸಮಯದಲ್ಲಿ ಟೆಕ್ಸಸ್‌ನಲ್ಲಿರುವ ನನ್ನ ಮೈದುನ ಅಲ್ಲಿ ಮಕ್ಕಳ ಟ್ಯೂಷನ್ ಕೇಂದ್ರದ ಫ್ರಾಂಚೈಸಿ ನೋಡುತ್ತಿದ್ದ. ನನ್ನ ಕಥೆ ಕೇಳಿ, "ಅತ್ತಿಗೆ, ನಿಮಗೆ ಸಹಿ ಹಾಕೋ ಮುಂಚೆ ಡಿಸ್‌ಕ್ಲೋಷರ್ ಡಾಕ್ಯುಮೆಂಟ್ ಕೊಡಲಿಲ್ವಾ?" ಅಂದ. ಹಾಗಂದರೇನು ಅಂತಲೇ ನನಗೆ ಗೊತ್ತಿರಲಿಲ್ಲ. ಫ್ರಾಂಚೈಸಿ ಕೊಡುವ ಕಂಪನಿ ತನ್ನ ವಿವರವನ್ನೆಲ್ಲ ಮೊದಲೇ ಬರೆದುಕೊಡುವ ದಾಖಲೆ ಅದು. ಅಲ್ಲಿ, ಅಮೆರಿಕದಲ್ಲಿ, ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಫ್ರಾಂಚೈಸಿ ನಿಯಮ 1979ರಿಂದ ಇದೆ, 2007ರಲ್ಲಿ ತಿದ್ದುಪಡಿ ಆಯಿತು. ಸಹಿ ಹಾಕುವ ಮುಂಚೆ, ಹಣ ಕೊಡುವ ಮುಂಚೆ, ಕನಿಷ್ಠ 14 ದಿನ ಮೊದಲೇ ಆ ದಾಖಲೆ ಕೈಗೆ ಬರಬೇಕು. ಅದರಲ್ಲಿ 23 ಭಾಗ. ಐದನೆಯದರಲ್ಲಿ ಮೊದಲ ಫೀ. ಎಲ್ಲರಿಗೂ ಒಂದೇ ಫೀ ಇಲ್ಲದಿದ್ದರೆ, ಹಿಂದಿನ ವರ್ಷ ಎಷ್ಟರಿಂದ ಎಷ್ಟರ ತನಕ ತೆಗೆದುಕೊಂಡಿದ್ದಾರೆ, ಯಾವುದರ ಮೇಲೆ ಅದು ನಿಂತಿದೆ ಅಂತ ಬರೆಯಲೇಬೇಕು. ಇಪ್ಪತ್ತನೆಯದರಲ್ಲಿ ಈಗಿರುವ ಫ್ರಾಂಚೈಸಿಗಳ ವಿವರದ ಜೊತೆ, ಹಿಂದಿನ ವರ್ಷ ಬಿಟ್ಟು ಹೋದವರ ಹೆಸರು, ಸಂಪರ್ಕ ಕೂಡ ಇರುತ್ತದೆ. ಅಲ್ಲೂ ರಿಯಾಯಿತಿಗಳಿವೆ. ಸೇನೆಯಿಂದ ನಿವೃತ್ತರಾದವರಿಗೆ ಫೀಯಲ್ಲಿ ರಿಯಾಯಿತಿ ಕೊಡಿಸುವ ವೆಟ್‌ಫ್ರಾನ್ ಅನ್ನುವ ಕಾರ್ಯಕ್ರಮ 1991ರಲ್ಲೇ ಶುರುವಾಗಿದೆ.

ನಮ್ಮಲ್ಲಿ ಫ್ರಾಂಚೈಸಿಗೆ ಅಂತಲೇ ಒಂದು ಕಾಯ್ದೆ ಇಲ್ಲ. ಕರಾರು ಕಾಯ್ದೆ, ಟ್ರೇಡ್‌ಮಾರ್ಕ್ ಕಾಯ್ದೆ, ತೆರಿಗೆ ಕಾಯ್ದೆ, ಹೀಗೆ ಅಲ್ಲೊಂದು ಇಲ್ಲೊಂದು ನೋಡಿಕೊಳ್ಳಬೇಕು. ಸಹಿಗೆ ಮುಂಚೆ ಇಂಥದ್ದನ್ನು ಹೇಳಲೇಬೇಕು ಅನ್ನುವ ನಿಯಮ ಇಲ್ಲದ ಕಡೆ, ಕೇಳುವ ಕೆಲಸ ನಮ್ಮದೇ. ಹೆಂಗಸರಿಗೆ ಅಂತ ಆಫರ್ ಇಡುವ ಕಂಪನಿಗಳಾದರೂ ಇದನ್ನು ತಾವಾಗಿಯೇ ಮಾಡಬಹುದು ಅಂತ ನನಗೆ ಮನಸಾರೆ ಅನ್ನಿಸುತ್ತದೆ. ನಮ್ಮಲ್ಲಿ ಹೆಚ್ಚಿನವರು ಒಡವೆ ಅಡ ಇಟ್ಟು, ಚೀಟಿ ಎತ್ತಿ ಬಂದವರು.

ನನ್ನ 36 ತಿಂಗಳು 2025ರ ಫೆಬ್ರವರಿಗೆ ಮುಗಿಯಿತು. ಮುಂದುವರಿಸಲಿಲ್ಲ. ಬಿಟ್ಟ ಮೇಲೆ ಎರಡು ವರ್ಷ ಬೇರೆ ಪ್ಲೇಸ್ಕೂಲ್ ನಡೆಸುವಂತಿಲ್ಲ ಅಂತ ಇತ್ತು. ವಕೀಲರು ಅದೇ ಕರಾರು ಕಾಯ್ದೆಯ 27ನೇ ಕಲಂ ತೋರಿಸಿದರು. ಕರಾರು ನಡೆಯುತ್ತಿರುವಾಗ ಪ್ರತಿಸ್ಪರ್ಧಿ ವ್ಯವಹಾರ ಮಾಡಬಾರದು ಅನ್ನುವ ಷರತ್ತು ನಿಲ್ಲುತ್ತದೆ, ಕೋಕಾ ಕೋಲಾ ಮತ್ತು ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಅದನ್ನು ಎತ್ತಿಹಿಡಿದಿದೆ. ಕರಾರು ಮುಗಿದ ಮೇಲೂ ದುಡಿಮೆ ಮಾಡಬಾರದು ಅನ್ನುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ ಅಂದರು. ಅವರ ಬೋರ್ಡು ಇಳಿಸಿದೆ, ಅವರ ಬಣ್ಣ ಅಳಿಸಿ ಗೋಡೆಗೆ ಬೇರೆ ಬಣ್ಣ ಬಳಿಸಿದೆ, ಅವರ ಪುಸ್ತಕ ಮುಟ್ಟಲಿಲ್ಲ. ಈಗ ನನ್ನದೇ ಹೆಸರಿನ ಶಾಲೆ, 44 ಮಕ್ಕಳು. ಇರುವೆ ನೋಡಿ ಸುಮ್ಮನಾಗಿದ್ದ ಹುಡುಗಿ ಈಗ ಒಂದನೇ ಕ್ಲಾಸು. ಅವಳ ತಮ್ಮ ನಮ್ಮಲ್ಲಿದ್ದಾನೆ.

ಭಾನುವಾರಕ್ಕೆ ಬರುತ್ತೇನೆ. ಫ್ರಾಂಚೈಸಿ ಬೇಡ ಅಂತ ಗೆಳತಿಗೆ ನಾನು ಹೇಳಲಿಲ್ಲ. ಹರಿಹರದಲ್ಲಿ ಆ ಹೆಸರಿಗೆ ಬೆಲೆ ಇದೆ, ಮೊದಲ ವರ್ಷ ಮಕ್ಕಳು ಬರುವುದಕ್ಕೆ ಅದು ನಿಜವಾಗಿ ಸಹಾಯ ಮಾಡುತ್ತದೆ. ನನಗೂ ಮಾಡಿತ್ತು. ಅಡುಗೆಮನೆ ಮೇಜಿನ ಮುಂದೆ ಕೂತು ಇಬ್ಬರೂ ಸೇರಿ ಕಂಪನಿಗೆ ಇಮೇಲ್ ಬರೆದೆವು. ಟೋಕನ್‌ಗೆ ಮೊದಲು ಅನುಬಂಧ ಸಮೇತ ಪೂರ್ತಿ ಕರಡು ಬೇಕು. ‘ಶುರು’ ಅಂದರೆ ಯಾವ ದಿನ, ಅದನ್ನು ಯಾರು ನಿರ್ಧರಿಸುತ್ತಾರೆ? ನಾವು ಪರಿಶೀಲನೆಗೆ ಕರೆದು ಹತ್ತು ದಿನದೊಳಗೆ ನೀವು ಬರದಿದ್ದರೆ ಪರಿಶೀಲನೆ ಆಯಿತು ಅಂತ ಲೆಕ್ಕ ಹಾಕುತ್ತೀರಾ? ನಿಮ್ಮ ವೆಂಡರ್ ತಡ ಮಾಡಿದಷ್ಟು ದಿನ ಗಡುವೂ ಮುಂದೆ ಹೋಗುತ್ತದಾ? ಕಿಟ್ ಸಂಖ್ಯೆಯನ್ನು ಸೇರಿದ ಮಕ್ಕಳ ಸಂಖ್ಯೆಗೆ ಇಳಿಸುತ್ತೀರಾ? ಎರಡು ವರ್ಷ ಷರತ್ತು ಪಾಲಿಸಿ ಮೂರನೇ ವರ್ಷ ಒಂದು ತಪ್ಪಿದರೆ ಪೂರ್ತಿ ಹಣ ವಾಪಸ್ ಕೇಳುತ್ತೀರಾ, ಇಲ್ಲಾ ಉಳಿದ ತಿಂಗಳಿನ ಪಾಲು ಮಾತ್ರವಾ? ಈ ಕೊನೆಯದು ನನ್ನ ಮೈದುನ ಹೇಳಿಕೊಟ್ಟದ್ದು. ತಿಂಗಳು ಕಳೆದ ಹಾಗೆ ವಾಪಸ್ ಕೊಡಬೇಕಾದ ಹಣ ಕರಗುತ್ತಾ ಹೋಗಬೇಕು ಅಂತ.

ಬುಧವಾರ ಉತ್ತರ ಬಂದಿದೆ. ಕರಡು ಮೊದಲೇ ಕಳಿಸಲು ಒಪ್ಪಿದ್ದಾರೆ. ಹತ್ತು ದಿನದ ಮಾತಿಗೆ ಹದಿನೈದು ದಿನ ಅಂತ ಬರೆದುಕೊಡುತ್ತಾರಂತೆ. ವೆಂಡರ್ ತಡ ಆದರೆ ಗಡುವು ಮುಂದೆ ಹೋಗುತ್ತದೆ, ಅದಕ್ಕೂ ಸರಿ ಅಂದಿದ್ದಾರೆ. ಕಿಟ್ ವಿಷಯಕ್ಕೆ ಆಗುವುದಿಲ್ಲ ಅಂದಿದ್ದಾರೆ. ತಿಂಗಳ ಪಾಲಿನ ಪ್ರಶ್ನೆಗೆ ಉತ್ತರವೇ ಇಲ್ಲ, ಅದನ್ನು ಮತ್ತೆ ಕೇಳಿದ್ದಾಳೆ. ಟೋಕನ್ ಇನ್ನೂ ಕೊಟ್ಟಿಲ್ಲ.

ನಾಳೆ ಸಂಜೆ ಕರಡು ಪ್ರಿಂಟ್ ತೆಗೆಸಿಕೊಂಡು ಬರುತ್ತಾಳೆ. 28 ಪುಟ ಇದೆಯಂತೆ. ಪದಗಳ ಅರ್ಥ ಬರೆದಿರುವ ಪುಟ ಮತ್ತು ಅನುಬಂಧ ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ತೆಗೆಸು, ಅಕ್ಕಪಕ್ಕ ಇಟ್ಟುಕೊಂಡು ಓದೋಣ ಅಂದಿದ್ದೇನೆ.